ನಕಲು ಕ್ಯಾಸೆಟ್ಟಿನ ಚರಿತ್ರೆ

ನಮ್ಮ ಸೀಮೆಯ ಚರಿತ್ರೆಯನ್ನು ಓದಬೇಕೆಂದು ಹೊರಟವರಿಗೆ ಮೊದಲು ಕೈಗೆ ಬರುವುದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ. ಅದು ಪ್ರಕಟವಾದದ್ದು 1905ರಲ್ಲಿ. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ನಮ್ಮಲ್ಲಿ ಬಹುಮಂದಿ ಕಲ್ಲಿನ ಶಾಸನವನ್ನು ಕಲ್ಲಿನ ಮೇಲೆ ಓದಿದವರಲ್ಲ, ಆ ಸಂಪುಟದಲ್ಲಿರುವ ಅದರ ಪ್ರತಿಯನ್ನು ಓದಿದವರು. ಚರಿತ್ರೆಯ ವಿದ್ಯಾರ್ಥಿಗೆ ಮೂಲವೆಂಬುದು ಅಪರೂಪಕ್ಕೆ ದೊರೆಯುವ ಭಾಗ್ಯ. ದಿನನಿತ್ಯದ ಒಡನಾಟವೆಲ್ಲ ಪ್ರತಿಗಳ ಜೊತೆಗೆ.

ಈ ಪೀಠಿಕೆಯನ್ನು ಯಾವ ವಿಷಯಕ್ಕಾಗಿ ಹಾಕಿದೆನೆಂದು ತಿಳಿದರೆ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ವಿಷಯ ವಿಡಿಯೋ ಗೇಮ್. ಶಿಡ್ಲಘಟ್ಟದಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಶಿಷ್ಯರೊಬ್ಬರು ಹಳೆಯ ಆಟಗಳನ್ನು ಸಂಗ್ರಹಿಸುವ ಹವ್ಯಾಸ ಇಟ್ಟುಕೊಂಡಿದ್ದಾರೆ. ರೇಷ್ಮೆ ನೂಲು ಬಿಚ್ಚುವ ಕಸುಬಿನ ಮನೆತನದವರು. ಊರಿನ ಹಳೆಯ ಮನೆಯನ್ನು ಕೆಡವಿ ಕಟ್ಟಿಸುವ ಸಂದರ್ಭದಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಅವರ ಬಾಲ್ಯದ ಆಟದ ಯಂತ್ರವೂ ಇಪ್ಪತ್ತಕ್ಕೂ ಮಿಕ್ಕ ಕ್ಯಾಸೆಟ್ಟುಗಳೂ ದೊರೆತವಂತೆ. ಹೊರದೇಶದ ಸಂಗ್ರಾಹಕರಿಗೆ ಚಿತ್ರ ಕಳುಹಿಸಿದರೆ, “ಇವೆಲ್ಲ ನಕಲಿ, ಇವಕ್ಕೆ ಬೆಲೆಯಿಲ್ಲ” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರಂತೆ. “ಮೇಷ್ಟ್ರೇ, ಗುಜರಿಗೆ ಹಾಕಿಬಿಡಲೇ, ಅಥವಾ ಇಟ್ಟುಕೊಳ್ಳುವುದರಲ್ಲಿ ಏನಾದರೂ ಅರ್ಥವಿದೆಯೇ?” ಎಂದು ಕೇಳಿ ಬರೆದಿದ್ದಾರೆ. ಒಬ್ಬರಿಗೆ ಬರೆಯುವ ಉತ್ತರ ಹಲವರಿಗೆ ಉಪಯೋಗವಾಗಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಪರದೆಯ ಮೇಲಿನ ಆಟ ಹುಟ್ಟಿದ್ದು ಪ್ರಯೋಗಾಲಯದಲ್ಲಿ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ಸಂಸ್ಥೆಯನ್ನು ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು, ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಇಬ್ಬರು ಆಡಬಹುದಾದ ಟೆನಿಸ್ ಆಟವನ್ನು ರೂಪಿಸಿದರು. ಜನ ಸಾಲುಗಟ್ಟಿ ನಿಂತು ಆಡಿದರು. ಮರುವರ್ಷವೂ ಅದನ್ನು ತೋರಿಸಿ, ಆಮೇಲೆ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಗಳಿಗೆ ಬಳಸಿಕೊಂಡರು. ಇಂಥ ಆಟಗಳ ಚರಿತ್ರೆಯ ಮೊದಲ ಪುಟದಲ್ಲಿಯೇ ಹೀಗೆ ಮೂಲ ವಸ್ತು ಇಲ್ಲವಾಗಿದೆ. 1962ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಎಂಬ ಆಟವನ್ನು ಬರೆದರು. ಅದು ಪ್ರತಿಯಿಂದ ಪ್ರತಿಯಾಗಿ ಇತರ ವಿದ್ಯಾಸಂಸ್ಥೆಗಳ ಗಣಕಗಳಿಗೆ ಹರಡಿತು, ಹರಡಿದ್ದರಿಂದಲೇ ಉಳಿಯಿತು. 1972ರಲ್ಲಿ ರಾಲ್ಫ್ ಬೇರ್ ಅವರ ಕಲ್ಪನೆಯಿಂದ ‘ಒಡಿಸ್ಸಿ’ ಎಂಬ ಮನೆಬಳಕೆಯ ಯಂತ್ರವೂ, ಅಟಾರಿ ಸಂಸ್ಥೆಯ ‘ಪಾಂಗ್’ ಎಂಬ ನಾಣ್ಯ ಹಾಕಿ ಆಡುವ ಆಟವೂ ಬಂದವು. ಜಪಾನಿನಿಂದ 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮನ್’ ಬಂದ ಮೇಲೆ ಇದು ಜಗತ್ತಿನ ಬೀದಿಬೀದಿಯ ಮಾತಾಯಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. 1984ರಲ್ಲಿ ಭಾರತ ಸರ್ಕಾರವು ಆಯ್ದ ಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಪ್ರಾಯೋಗಿಕವಾಗಿ ಆರಂಭಿಸಿತು. ‘ಕ್ಲಾಸ್’ ಎಂಬುದು ಆ ಯೋಜನೆಯ ಹೆಸರು. ಅದಕ್ಕಾಗಿ ತರಿಸಿದ್ದು ಬ್ರಿಟನ್ನಿನ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರ. ಅದರ ಮಿದುಳು ‘6502’ ಎಂಬ ಚಿಪ್ಪು. 1975ರಲ್ಲಿ ಆ ಚಿಪ್ಪು ಇಪ್ಪತ್ತೈದು ಡಾಲರಿಗೆ ಮಾರಾಟಕ್ಕೆ ಬಂದಾಗ ಅದರ ಅಗ್ಗದ ಬೆಲೆಯನ್ನು ನಂಬದವರೇ ಹೆಚ್ಚು. ನಮ್ಮ ಮಕ್ಕಳು ಮುಂದೆ ಮನೆಯಲ್ಲಿ ಟಿವಿಗೆ ಸಿಕ್ಕಿಸಿ ಆಡಿದ ಆಟದ ಯಂತ್ರದಲ್ಲಿದ್ದದ್ದೂ ಇದೇ 6502ರ ವಂಶದ ಮಿದುಳೇ. ಪಾಠ ಹೇಳುವ ಯಂತ್ರ, ಪಾಠ ಕೆಡಿಸುವ ಯಂತ್ರ ಎಂದು ನಾವು ಬೇರೆಬೇರೆಯಾಗಿ ಹೆಸರಿಟ್ಟ ಎರಡೂ ದಾಯಾದಿಗಳು. ಅಷ್ಟೇ ಅಲ್ಲ, ಆ ಬಿಬಿಸಿ ಮೈಕ್ರೋ ಯಂತ್ರದ ಮೇಲೆಯೇ 1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬೆನ್, ‘ಎಲೀಟ್’ ಎಂಬ ಪ್ರಸಿದ್ಧವಾದ ಆಟವನ್ನು ಬರೆದರು.

ಇನ್ನು ನಮ್ಮ ಕಥೆಯ ಮೂಲಪುರುಷನಾದ ಯಂತ್ರ. 1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಸಂಸ್ಥೆ ‘ಫ್ಯಾಮಿಕಾಂ’ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಸಿಕ್ಕಿಸುವ ಕ್ಯಾಸೆಟ್ಟಿಗೆ 60 ಲೋಹದ ಹಲ್ಲುಗಳು. 1985ರಲ್ಲಿ ಅದೇ ಯಂತ್ರವನ್ನು ಅಮೆರಿಕದಲ್ಲಿ ಬೇರೆ ಹೆಸರಿನಿಂದ ಮಾರುವಾಗ ಒಳಗೆ ಒಂದು ಬೀಗದ ಚಿಪ್ಪನ್ನು ಇಟ್ಟರು. ಸಂಸ್ಥೆಯ ಅನುಮತಿಯಿಲ್ಲದ ಕ್ಯಾಸೆಟ್ಟು ಅದರಲ್ಲಿ ಓಡದು. ಆದರೆ ಜಪಾನಿನ ಮೊದಲ ಯಂತ್ರಕ್ಕೆ ಅಂಥ ಬೀಗವಿರಲಿಲ್ಲ. ಬೀಗವಿಲ್ಲದ ಬಾಗಿಲನ್ನು ಹುಡುಕಿ ನಕಲುಗಾರರು ಒಳಗೆ ಹೋದರು. ತೈವಾನಿನಲ್ಲಿ ಆ ಯಂತ್ರದ ಚಿಪ್ಪುಗಳ ತದ್ರೂಪುಗಳು ತಯಾರಾದವು. ಮುಂದೆ ಇಡೀ ಯಂತ್ರವನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿದರು. ಹೀಗೆ ಹುಟ್ಟಿದ ಅಗ್ಗದ ತದ್ರೂಪುಗಳು ಏಷ್ಯಾ, ಪೂರ್ವ ಯೂರೋಪು, ದಕ್ಷಿಣ ಅಮೆರಿಕಗಳ ಉದ್ದಗಲಕ್ಕೂ ಹರಿದವು. ನಮ್ಮ ಊರುಗಳಿಗೆ ಬಂದದ್ದು ಆ ಪ್ರವಾಹದ ಒಂದು ಕಾಲುವೆ.

ಆ ಕಾಲುವೆ ಹರಿಯುವುದಕ್ಕೆ ಮೊದಲು ಮನೆಯಲ್ಲಿ ಟಿವಿ ಇರಬೇಕಲ್ಲವೇ? ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದದ್ದು ದೆಹಲಿಯ ಏಷ್ಯಾಡ್ ನಡೆದ 1982ರಲ್ಲಿ. ನಮ್ಮ ತಾಲ್ಲೂಕುಗಳ ಮಧ್ಯಮ ವರ್ಗದ ಮನೆಗಳಿಗೆ ಟಿವಿ ನಿಧಾನವಾಗಿ ಬಂದಿತು. ತೊಂಬತ್ತರ ದಶಕದಲ್ಲಿ ಅದರ ಹಿಂದೆಯೇ ಆಟದ ಯಂತ್ರಗಳು ಬಂದವು. ಮೂಲ ನಿಂಟೆಂಡೊ ಯಂತ್ರವನ್ನು ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ನಾನು ಒಂದನ್ನೂ ನೋಡಲಿಲ್ಲ. ಇದ್ದವೆಲ್ಲ ಬೆಂಗಳೂರಿಗೆ ಹೋದವರು ಬರುವಾಗ ಕೈಚೀಲದಲ್ಲಿ ತಂದ ತದ್ರೂಪುಗಳು. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಒಳ್ಳೆಯ ಧಾರಣೆ ಸಿಕ್ಕ ವಾರ, ಚಿಂತಾಮಣಿಯಲ್ಲಿ ಟೊಮ್ಯಾಟೊ ಕೈಹಿಡಿದ ತಿಂಗಳು, ಮಕ್ಕಳ ಬಹುದಿನದ ಬೇಡಿಕೆ ಈಡೇರುತ್ತಿತ್ತು. ಮನೆಗೆ ಯಂತ್ರ ತರಲಾಗದವರಿಗೆ ಪೇಟೆಯಲ್ಲಿ ಅರ್ಧ ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಆಡುವ ಅಂಗಡಿ. ಅದೂ ಆಗದವರಿಗೆ ಜಾತ್ರೆಯಲ್ಲಿ ದೊರೆಯುತ್ತಿದ್ದ, ಎರಡು ಪೆನ್ ಸೆಲ್ ಹಾಕಿ ಇಟ್ಟಿಗೆ ಜೋಡಿಸುವ ಕೈಯಾಟ. ಹೀಗೆ ಯಾರ ಮನೆಯಲ್ಲಿ ಯಾವ ಆಟ ಎಂಬುದರಲ್ಲಿಯೂ ಊರಿನ ಆರ್ಥಿಕ ಸ್ಥಿತಿ ಬರೆದಿಟ್ಟಂತಿತ್ತು.

‘ಕ್ಯಾಸೆಟ್’ ಎಂಬ ಶಬ್ದವನ್ನೇ ಗಮನಿಸಿ. ಜಗತ್ತಿನ ಇತರೆಡೆ ಇದನ್ನು ಕಾರ್ಟ್ರಿಜ್ ಎನ್ನುತ್ತಾರೆ. ಒಳಗೆ ಸುರುಳಿ ಇಲ್ಲ, ಟೇಪು ಇಲ್ಲ. ಇರುವುದು ಒಂದು ಸಣ್ಣ ಹಲಗೆ. ಆದರೂ ಹಾಡಿನ ಕ್ಯಾಸೆಟ್ಟಿಗೆ ಒಗ್ಗಿದ್ದ ನಮ್ಮ ಮಕ್ಕಳು ಇದಕ್ಕೂ ಅದೇ ಹೆಸರಿಟ್ಟರು. ಆಟ ಶುರುವಾಗದಿದ್ದರೆ ಕ್ಯಾಸೆಟ್ಟನ್ನು ಕಳಚಿ, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಸಿಕ್ಕಿಸುವುದು ಎಲ್ಲ ಮನೆಗಳ ವಿಧಿ. ಊದಿದ್ದರಿಂದ ಸರಿಹೋಯಿತೆಂಬುದು ಭ್ರಮೆ. ಕಳಚಿ ಮತ್ತೆ ಸಿಕ್ಕಿಸಿದಾಗ ಹಲ್ಲುಗಳು ಸರಿಯಾಗಿ ತಾಗುತ್ತಿದ್ದವು, ಅಷ್ಟೇ. ಉಸಿರಿನ ತೇವದಿಂದ ಲೋಹಕ್ಕೆ ಕಿಲುಬು ಹಿಡಿಯುತ್ತದೆಂದು ನಿಂಟೆಂಡೊ ಸಂಸ್ಥೆಯೇ ಎಚ್ಚರಿಸಿತ್ತು. ಆದರೂ ಈ ಊದುವಿಕೆ ಟೋಕಿಯೋದಿಂದ ಚಿಂತಾಮಣಿಯವರೆಗೆ ಯಾರೂ ಕಲಿಸದೆ ಎಲ್ಲರೂ ಕಲಿತ ವಿದ್ಯೆ.

ಆ ಹಲಗೆಯ ಮೇಲಿದ್ದ ಸರಕು ಎಷ್ಟು? 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ ಪೂರ್ತಿಯಾಗಿ 40 ಕಿಲೋಬೈಟು. ನೀವೀಗ ಓದುತ್ತಿರುವ ಈ ಲೇಖನವನ್ನು ಕನ್ನಡ ಯೂನಿಕೋಡಿನಲ್ಲಿ ಉಳಿಸಿದರೆ, ಒಂದೊಂದು ಚಿಹ್ನೆಗೂ ಮೂರು ಬೈಟುಗಳಂತೆ, ಆ ಇಡೀ ಆಟಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ! ಜಾಗ ಸಾಲದೆ ಅವರು ಮಾಡಿದ ಉಪಾಯಗಳೇ ಒಂದು ಪಾಠ. ಆ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಮಗ್ಗದ ಮೇಲೆ ಅದೇ ಬುಟ್ಟಾವನ್ನು ಬೇರೆ ಬಣ್ಣದ ಎಳೆಯಲ್ಲಿ ನೇಯ್ದು ಹೊಸ ಸೀರೆ ಮಾಡುವ ನೇಕಾರನ ಜಾಣ್ಮೆ ಇದು. ರೇಷ್ಮೆಯ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಕಲು ಕ್ಯಾಸೆಟ್ಟುಗಳ ಮೇಲೆ ‘9999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಅದೇ ಆಟವನ್ನು ಎರಡನೆಯ ಹಂತದಿಂದ, ಐದನೆಯ ಹಂತದಿಂದ ಆರಂಭಿಸಿ, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಕೊಟ್ಟು ಪಟ್ಟಿ ಬೆಳೆಸುತ್ತಿದ್ದರು. ಮೊದಲ ಪರದೆಯ ಮೇಲಿನ ತಯಾರಕರ ಹೆಸರನ್ನು ಅಳಿಸಿಬಿಡುತ್ತಿದ್ದರು. ಕೆಲವೊಮ್ಮೆ ಆಟವನ್ನೇ ತಿದ್ದುತ್ತಿದ್ದರು. ನಾಮ್ಕೊ ಸಂಸ್ಥೆಯ 1985ರ ‘ಬ್ಯಾಟಲ್ ಸಿಟಿ’ ಎಂಬ ಟ್ಯಾಂಕಿನ ಆಟಕ್ಕೆ ಹಂತಗಳನ್ನು ಬದಲಿಸಿ ‘ಟ್ಯಾಂಕ್ 1990’ ಎಂದು ಹೆಸರಿಟ್ಟ ಅನಧಿಕೃತ ರೂಪವೊಂದು ಹೊರಬಂತು. ನಮ್ಮ ಕಡೆಯ ಎಷ್ಟೋ ಹುಡುಗರು ಆಡಿ ಬಲ್ಲದ್ದು ಈ ರೂಪವನ್ನೇ. ಮೂಲದ ಹೆಸರನ್ನು ಅವರು ಕೇಳಿದ್ದು ದೊಡ್ಡವರಾದ ಮೇಲೆ.

ಕನ್ನಡ ಓದಿದವರಿಗೆ ಇದು ಎಲ್ಲೋ ಕಂಡದ್ದು ಎನ್ನಿಸಬೇಕು. ಹತ್ತನೆಯ ಶತಮಾನದ ಪಂಪನ ಕೈಬರಹದ ಓಲೆ ಇಂದು ಇಲ್ಲ. ಲಿಪಿಕಾರರು ಶತಮಾನಗಳ ಕಾಲ ಪ್ರತಿಯಿಂದ ಪ್ರತಿ ಮಾಡುತ್ತ ಬಂದುದರಿಂದ ಅವನ ಕಾವ್ಯ ನಮಗೆ ದಕ್ಕಿದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದದ್ದೂ ಒಂದು ಪ್ರತಿಯೇ. ಪ್ರತಿಕಾರನು ಅಕ್ಷರ ಬಿಡುತ್ತಾನೆ, ಸಾಲು ಹಾರಿಸುತ್ತಾನೆ, ತನಗೆ ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ತಿದ್ದುತ್ತಾನೆ. ಕೊನೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕೆಂದು ಕೈಮುಗಿಯುತ್ತಾನೆ. ಈ ತಪ್ಪುಗಳನ್ನು ಓದುವುದಕ್ಕೇ ಒಂದು ಶಾಸ್ತ್ರವಿದೆ. ಅದನ್ನು ಕನ್ನಡದಲ್ಲಿ ಕ್ರಮವಾಗಿ ನಿರೂಪಿಸಿದವರು ಚಿಕ್ಕಬಳ್ಳಾಪುರದಲ್ಲಿ ಜನಿಸಿದ ಡಿ.ಎಲ್. ನರಸಿಂಹಾಚಾರ್ (1906–1971). 1964ರಲ್ಲಿ ಪ್ರಕಟವಾದ ಅವರ ‘ಕನ್ನಡ ಗ್ರಂಥಸಂಪಾದನೆ’ ಇಂದಿಗೂ ಆ ವಿಷಯದ ಕೈದೀವಿಗೆ. ಗ್ರಂಥಸಂಪಾದಕನು ಕೆಟ್ಟ ಪ್ರತಿಯನ್ನು ಒಲೆಗೆ ಹಾಕುವುದಿಲ್ಲ. ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುತ್ತಾನೆ. ಯಾವ ತಪ್ಪು ಯಾವ ಯಾವ ಪ್ರತಿಗಳಲ್ಲಿ ಮರುಕಳಿಸಿದೆ ಎಂದು ನೋಡಿ, ಯಾವ ಪ್ರತಿ ಯಾವುದರಿಂದ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ವಂಶವೃಕ್ಷ ಬರೆಯುತ್ತಾನೆ.

ನಕಲು ಕ್ಯಾಸೆಟ್ಟಿನ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಮೂಲ ಕ್ಯಾಸೆಟ್ಟು ಜಪಾನಿನಲ್ಲಿ ಆ ಆಟ ಹೇಗೆ ಹುಟ್ಟಿತೆಂದು ಹೇಳುತ್ತದೆ. ಶಿಡ್ಲಘಟ್ಟದ ಅಟ್ಟದ ಮೇಲಿನ ಕ್ಯಾಸೆಟ್ಟು ಆ ಆಟ ಶಿಡ್ಲಘಟ್ಟಕ್ಕೆ ಯಾವ ರೂಪದಲ್ಲಿ ತಲುಪಿತೆಂದು ಹೇಳುತ್ತದೆ. ಎರಡನೆಯ ಸಂಗತಿಯನ್ನು ಕ್ಯೋಟೋದ ಯಾವ ಕಡತವೂ ಹೇಳಲಾರದು. ಅಳಿಸಿದ ಹೆಸರು, ತಿದ್ದಿದ ಹಂತ, ಸುಳ್ಳು ಸಂಖ್ಯೆ, ಹರಿದ ಚೀಟಿಯ ಮೇಲಿನ ಬೇರಾವುದೋ ಆಟದ ಚಿತ್ರ, ಇವೆಲ್ಲ ನಮ್ಮ ಪಾಲಿನ ಪಾಠಾಂತರಗಳು. ನಾಣ್ಯಶಾಸ್ತ್ರಜ್ಞರು ಖೋಟಾ ನಾಣ್ಯಗಳನ್ನೂ ಜೋಪಾನ ಮಾಡುವುದು ಇದೇ ಕಾರಣಕ್ಕೆ. ಖೋಟಾ ನಾಣ್ಯಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ. ಆ ಕಾಲದ ಪೇಟೆಯನ್ನು ಅರಿಯಬೇಕೆನ್ನುವವನಿಗೆ ಬೆಲೆಯಿದೆ.

ಆದರೆ ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂದೂ ತಿಳಿದಿರಬೇಕು. ನಮ್ಮ ಭಾರತದ ಕೃತಿಸ್ವಾಮ್ಯದ ಕಾಯಿದೆ 1957ರದು. 1984ರ ತಿದ್ದುಪಡಿಯ ಮೂಲಕ ಕಂಪ್ಯೂಟರ್ ಪ್ರೋಗ್ರಾಮನ್ನು ಅದು ‘ಸಾಹಿತ್ಯಕೃತಿ’ಯ ಸಾಲಿಗೆ ಸೇರಿಸಿತು. ಕಾಯಿದೆಯ ಕಣ್ಣಿಗೆ ಮಾರಿಯೋ ಆಟವೂ ಒಂದು ಸಾಹಿತ್ಯಕೃತಿ. ಅದರ ಕಳ್ಳಪ್ರತಿ ಕಳ್ಳಪ್ರತಿಯೇ. ಓಲೆಯ ಲಿಪಿಕಾರನು ಪಂಪನ ಹೆಸರನ್ನು ಅಳಿಸಲಿಲ್ಲ. ಕ್ಯಾಸೆಟ್ಟಿನ ವ್ಯಾಪಾರಿ ಅಳಿಸಿದ. ಇದರಿಂದ ನಷ್ಟವಾದದ್ದು ದೊಡ್ಡ ಸಂಸ್ಥೆಗಳಿಗೆ ಮಾತ್ರವಲ್ಲ. ಜಾತ್ರೆಯ ಕೈಯಾಟದಲ್ಲಿ ನಾವು ಇಟ್ಟಿಗೆ ಜೋಡಿಸಿದ್ದು ‘ಟೆಟ್ರಿಸ್’. ಅದನ್ನು 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕಟ್ಟಿದವರು ಅಲೆಕ್ಸಿ ಪಜಿಟ್ನೋವ್. ಸೋವಿಯೆತ್ ವ್ಯವಸ್ಥೆಯಲ್ಲಿ ಹಕ್ಕುಗಳು ಸರ್ಕಾರದ ಪಾಲಾಗಿ, ಜಗತ್ತೆಲ್ಲ ಆಡಿದ ತಮ್ಮ ಆಟದಿಂದ ಅವರಿಗೆ ಗೌರವಧನ ಬರಲಾರಂಭಿಸಿದ್ದು 1996ರಿಂದ ಈಚೆಗೆ. ಆದಕಾರಣ ಇಂಥ ಪ್ರತಿಗಳನ್ನು ಮಾರಬಾರದು, ಹೊಸದಾಗಿ ಹಂಚಬಾರದು. ಆಡಿ ಆನಂದಪಡಬೇಕೆನ್ನುವವರಿಗೆ ಬೇರೆ ದಾರಿಗಳಿವೆ: ಹಲವು ಹಳೆಯ ಆಟಗಳನ್ನು ಮೂಲ ಸಂಸ್ಥೆಗಳೇ ಮರುಪ್ರಕಟಿಸಿವೆ, ಉದಾಹರಣೆಗೆ, ಕೊನಾಮಿ ಸಂಸ್ಥೆಯು 2019ರಲ್ಲಿ ‘ಕಾಂಟ್ರಾ’ ಆಟಗಳನ್ನು ಒಟ್ಟಾಗಿ ತಂದಿತು. ಕಾಸು ಕೊಟ್ಟು ಕೊಳ್ಳುವುದು ಧರ್ಮ.

ಮೂಲಗಳಾದರೂ ಸುರಕ್ಷಿತವಾಗಿವೆಯೇ ಎಂದು ಕೇಳಿದರೆ ಉತ್ತರ ಸಮಾಧಾನಕರವಲ್ಲ. 1983ರಲ್ಲಿ ಅಮೆರಿಕದಲ್ಲಿ ಆಟಗಳ ವ್ಯಾಪಾರ ಕುಸಿದಾಗ ಅಟಾರಿ ಸಂಸ್ಥೆಯು ಮಾರಾಟವಾಗದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬಲ್ಲಿ ಕಸದ ಗುಂಡಿಯಲ್ಲಿ ಹೂಳಿಸಿತು. 2014ರ ಏಪ್ರಿಲಿನಲ್ಲಿ ಅದನ್ನು ಉತ್ಖನನ ಮಾಡಿದರು. ಮೂವತ್ತೊಂದು ವರ್ಷದ ಹಿಂದಿನ ಆಟಿಕೆಗಾಗಿ ಪುರಾತತ್ತ್ವಜ್ಞರು ಮಣ್ಣು ಕೆದಕಿದರು! 2023ರಲ್ಲಿ ಅಮೆರಿಕದ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಕ್ರಮವಾಗಿ ಕೊಳ್ಳಲು ಸಿಗುವುದಿಲ್ಲ. ಗ್ರಂಥಾಲಯಗಳು ಅಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ತೋರಿಸಲು ಅನುಮತಿ ಕೇಳಿದಾಗ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಒಪ್ಪಲಿಲ್ಲ. ಇತ್ತ ಕ್ಯಾಸೆಟ್ಟಿಲ್ಲದೆ ಅಂತರಜಾಲದಿಂದಲೇ ಇಳಿಸಿಕೊಳ್ಳುವ ಆಟಗಳು ಅಂಗಡಿ ಮುಚ್ಚಿದರೆ ಮಾಯ. ನಿಂಟೆಂಡೊ ತನ್ನ ಎರಡು ಯಂತ್ರಗಳ ಜಾಲದಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಆಮೇಲೆ ಹೊಸದಾಗಿ ಕೊಳ್ಳಲು ಬಾರದಾಯಿತು.

ಅಟ್ಟದ ಮಹಿಮೆಯನ್ನು ಹೇಳುವ ಒಂದು ನಿಜಸಂಗತಿ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ನಮ್ಮ ಶಾಲೆಗಳ ಗಣಕ ಕೊಠಡಿಗಳಲ್ಲಿ ಮೇಷ್ಟ್ರು ಹೊರಗೆ ಹೋದೊಡನೆ ತೆರೆದವರು ನಿಮ್ಮಲ್ಲಿ ಹಲವರಿದ್ದೀರಿ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದ ಮೇಲಂತೂ ಅದು ಹಳ್ಳಿಯ ಹುಡುಗರಿಗೂ ಪರಿಚಯವಾಯಿತು. ಅದರ ಕರ್ತೃ ಜೋರ್ಡಾನ್ ಮೆಕ್ನರ್. ತಾವೇ ಬರೆದ ಮೂಲ ಪ್ರೋಗ್ರಾಮು ಕಳೆದುಹೋಯಿತೆಂದು ಅವರು ಭಾವಿಸಿದ್ದಾಗ, ಅವರ ತಂದೆಗೆ ಮನೆಯ ಕಪಾಟಿನ ಮೂಲೆಯಲ್ಲಿ ಹಳೆಯ ಫ್ಲಾಪಿಗಳು ದೊರೆತವು. 2012ರಲ್ಲಿ ತಜ್ಞರ ನೆರವಿನಿಂದ ಅವನ್ನು ಓದಿಸಿ, ಆ ಪ್ರೋಗ್ರಾಮನ್ನು ಅವರು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಲೋಕಪ್ರಸಿದ್ಧವಾದ ಕೃತಿಯ ಮೂಲಪ್ರತಿ ಒಬ್ಬ ತಂದೆಯ ಕಪಾಟಿನಲ್ಲಿ ಉಳಿದಿತ್ತು. ಯಾರೂ ಅದನ್ನು ಗುಜರಿಗೆ ಹಾಕದ ಕಾರಣ.

ಇಟ್ಟುಕೊಂಡರೆ ಸಾಲದು, ಆಡಿಸುವ ಸಾಧನವೂ ಉಳಿಯಬೇಕು. ಗೌರಿಬಿದನೂರಿನಲ್ಲಿ 1965ರಿಂದ ಇರುವ ಭೂಕಂಪಮಾಪಕ ಕೇಂದ್ರದ ಹಳೆಯ ದಾಖಲೆಗಳು ಕಾಂತಟೇಪುಗಳ ಮೇಲೆ ಮೂಡಿದವು. ಓದುವ ಯಂತ್ರವಿಲ್ಲದಿದ್ದರೆ ಟೇಪು ಕಂದು ಬಣ್ಣದ ರಿಬ್ಬನ್ನು ಮಾತ್ರ. ಆಟಗಳಲ್ಲಿ ಇದಕ್ಕೆ ಚೆಂದದ ಉದಾಹರಣೆ 1984ರ ‘ಡಕ್ ಹಂಟ್’, ಪಿಸ್ತೂಲಿನಿಂದ ಬಾತುಕೋಳಿ ಹೊಡೆಯುವ ಆಟ. ಪಿಸ್ತೂಲಿನಿಂದ ಏನೂ ಹಾರುವುದಿಲ್ಲ. ಅದರ ಮೂತಿಯಲ್ಲಿ ಬೆಳಕನ್ನು ಗ್ರಹಿಸುವ ಕಣ್ಣೊಂದಿದೆ. ಕುದುರೆ ಎಳೆದಾಗ ಪರದೆ ಕ್ಷಣಾರ್ಧ ಕಪ್ಪಾಗಿ, ಹಕ್ಕಿಯಿರುವ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮಿನುಗುತ್ತದೆ. ಪಿಸ್ತೂಲಿನ ಕಣ್ಣಿಗೆ ಆ ಬಿಳುಪು ಕಂಡರೆ ಗುರಿ ತಗುಲಿದಂತೆ. ಈ ಲೆಕ್ಕಾಚಾರ ನಡೆಯುವುದು ಹಳೆಯ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಯಲ್ಲಿ ಮಾತ್ರ. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುವುದರಿಂದ ಪಿಸ್ತೂಲು ಕುರುಡಾಗುತ್ತದೆ. ಆದ್ದರಿಂದ ಕ್ಯಾಸೆಟ್ಟು, ಯಂತ್ರ, ಪಿಸ್ತೂಲು ಮೂರನ್ನೂ ಇಟ್ಟುಕೊಂಡು ಟಿವಿಯನ್ನು ಗುಜರಿಗೆ ಕೊಟ್ಟವರು ಆ ಆಟವನ್ನೂ ಕೊಟ್ಟಂತೆಯೇ.

ಇದೆಲ್ಲ ದಾಖಲೆಯ ಮಾತಾಯಿತು; ಆನಂದದ ಮಾತನ್ನೂ ಆಡಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ವೀಣೆಯಿಂದ ಸಂಗೀತ ಹೊರಡದು. ನಿವೃತ್ತಿಯ ನಂತರ ಮೊಮ್ಮಗನ ಜೊತೆಗೆ ನಾನೂ ಟ್ಯಾಂಕಿನ ಆಟಕ್ಕೆ ಕುಳಿತಿದ್ದೇನೆ. ಕೆಳಗೆ ಇಟ್ಟಿಗೆಯ 작은 ಗೋಡೆಯೊಳಗೆ ನಮ್ಮ ಹದ್ದು. ಅದನ್ನು ಕಾಯುವುದು ಒಬ್ಬನ ಕೆಲಸ, ಮುಂದೆ ನುಗ್ಗುವುದು ಇನ್ನೊಬ್ಬನ ಕೆಲಸ. ಇಬ್ಬರೂ ನುಗ್ಗಿದರೆ ಸೋಲು. ಹಳೆಯ ಆಟಗಳ ನಿಯಮಗಳು ಹೀಗೆ ಚೌಕಾಬಾರದಷ್ಟೇ ಸರಳ; ಒಂದು ನಿಮಿಷದಲ್ಲಿ ಕಲಿಯಬಹುದು, ಪಳಗುವುದಕ್ಕೆ ತಿಂಗಳುಗಳು ಬೇಕು. ಅವು ಬೇಗ ಮುಗಿಯುತ್ತವೆ ಎಂಬುದೂ ಒಂದು ಗುಣ. ಮೂರು ಜೀವ ಹೋದರೆ ಆಟ ಮುಗಿಯಿತು, ಎದ್ದು ಊಟಕ್ಕೆ ಹೋಗಬಹುದು. ಹವ್ಯಾಸ ಎನ್ನುವುದು ದಿನದ ಒಂದು ಮೂಲೆಯಲ್ಲಿದ್ದರೆ ದಿನಕ್ಕೆ ಶೋಭೆ.

ಆಟದ ಜೊತೆಗೆ ಬಾಯಿಂದ ಬಾಯಿಗೆ ಬಂದ ವಿದ್ಯೆಯೂ ಇತ್ತು. ಕಾಂಟ್ರಾ ಆಟದಲ್ಲಿ ಮೂವತ್ತು ಜೀವ ಬೇಕಾದರೆ ಆರಂಭದಲ್ಲಿ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಬೇಕು. ಮೇಲೆ ಎರಡು, ಕೆಳಗೆ ಎರಡು, ಎಡ ಬಲ, ಎಡ ಬಲ, ಆಮೇಲೆ ಬಿ, ಎ. ಜಪಾನಿನ ಕಜುಹಿಸಾ ಹಶಿಮೊಟೊ ಎಂಬ ಪ್ರೋಗ್ರಾಮರು 1986ರಲ್ಲಿ ಬೇರೊಂದು ಆಟವನ್ನು ಪರೀಕ್ಷಿಸುವಾಗ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಸಂಕೇತ ಅದು. ಹದಿನೇಳರ ಮಗ್ಗಿ ತಡವರಿಸುತ್ತಿದ್ದ ಹುಡುಗರು ಇದನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಪುಸ್ತಕವಿಲ್ಲ, ಅಂತರಜಾಲವಿಲ್ಲ, ಕಿವಿಯಿಂದ ಕಿವಿಗೆ ಅದು ನಮ್ಮ ಊರುಗಳನ್ನು ಮುಟ್ಟಿತ್ತು.

ಇಂಥ ಮೌಖಿಕ ವಿದ್ಯೆ ಎಷ್ಟು ಬೇಗ ಅಳಿಯುತ್ತದೆಂಬುದಕ್ಕೆ ಹಂಪಿಯ ಕಲ್ಲುಗಳೇ ಸಾಕ್ಷಿ. ಅಲ್ಲಿಯ ಮಂಟಪಗಳ ನೆಲಗಟ್ಟಿನ ಮೇಲೆ ಬಗೆಬಗೆಯ ಆಟದ ಮನೆಗಳನ್ನು ಕೊರೆದಿದ್ದಾರೆ. ಹುಲಿಘಟ್ಟದಂಥವನ್ನು ನಾವು ಗುರುತಿಸಬಲ್ಲೆವು. ಇನ್ನು ಕೆಲವನ್ನು ಹೇಗೆ ಆಡುತ್ತಿದ್ದರೋ ಹೇಳುವವರಿಲ್ಲ. ಕಲ್ಲು ಉಳಿಯಿತು, ಆಟ ಹೋಯಿತು. ಇದಕ್ಕೆ ವಿರುದ್ಧವಾಗಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ವಿದ್ಯೆಯೆಂದೇ ತಿಳಿದು, ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನು ಅವಕ್ಕೆ ಮೀಸಲಿಟ್ಟು, ಮನೆಗಳ ಚಿತ್ರವನ್ನೂ ಆಡುವ ಕ್ರಮವನ್ನೂ ಬರೆಯಿಸಿದರು. ಆದುದರಿಂದ ಅರಮನೆಯ ಆಟಗಳನ್ನು ಇಂದಿಗೂ ಕಲಿಯಬಹುದು.

ಶಿಷ್ಯರಿಗೆ ನನ್ನ ಉತ್ತರ ಇದೇ: ಪೆಟ್ಟಿಗೆಯನ್ನು ಇಟ್ಟುಕೊಳ್ಳಿ, ಅದರ ಜೊತೆಗೆ ಬರವಣಿಗೆಯನ್ನೂ ಇಡಿ. ಕ್ಯಾಸೆಟ್ಟಿನ ಚೀಟಿಯನ್ನು ಕೀಳಬೇಡಿ. ಹಲ್ಲುಗಳನ್ನು ಊದದೆ, ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಆಟವನ್ನು ಉಳಿಸಿಡುವ ಗುಂಡುಸೆಲ್ ಒಳಗಿದ್ದರೆ ಅದು ಸೋರುವ ಮೊದಲು ತಿಳಿದವರಿಂದ ತೆಗೆಸಿ. ಬೆಚ್ಚನೆಯ ಅಟ್ಟಕ್ಕಿಂತ ತಂಪಾದ, ತೇವವಿಲ್ಲದ ಕಪಾಟು ಮೇಲು. ಒಂದೊಂದು ಕ್ಯಾಸೆಟ್ಟನ್ನೂ ಓಡಿಸಿ, ಮೊದಲ ಪರದೆಯ ಮತ್ತು ಆಟಗಳ ಪಟ್ಟಿಯ ಚಿತ್ರ ತೆಗೆಯಿರಿ. ‘9999’ರಲ್ಲಿ ನಿಜವಾಗಿ ಎಷ್ಟಿವೆಯೆಂದು ಎಣಿಸಿ ಬರೆಯಿರಿ.

ಇತರರೂ ನಿಮ್ಮ ನಿಮ್ಮ ಮನೆಯಲ್ಲಿ ಹುಡುಕಿ ನೋಡಿ. ವಸ್ತು ಸಿಗದಿದ್ದರೂ ಚಿಂತೆಯಿಲ್ಲ, ನೆನಪಿದ್ದರೆ ಸಾಕು. ಯಾವ ವರ್ಷ, ಯಾವ ಊರಿನಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಮನೆಯಲ್ಲಿ ಯಾರು ಯಾರು ಆಡಿದರು, ಅಕ್ಕತಂಗಿಯರಿಗೆ ಸರದಿ ಸಿಗುತ್ತಿತ್ತೇ, ಕರೆಂಟು ಹೋದಾಗ ಏನು ಮಾಡುತ್ತಿದ್ದಿರಿ, ಆಟಗಳಿಗೆ ನೀವು ಇಟ್ಟುಕೊಂಡಿದ್ದ ಕನ್ನಡದ, ತೆಲುಗಿನ, ಉರ್ದುವಿನ ಅಡ್ಡಹೆಸರುಗಳೇನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸೀಸದ ಕಡ್ಡಿಯಲ್ಲಿ ಬರೆದರೆ ಒಳ್ಳೆಯದು, ಶಾಯಿಯಂತೆ ಅದು ತೇವಕ್ಕೆ ಹರಡುವುದಿಲ್ಲ. ಮಡಿಸಿ ಆ ಪೆಟ್ಟಿಗೆಯಲ್ಲಿಯೇ ಇಡಿ. ಒಂದು ಪ್ರತಿಯನ್ನು ನನಗೂ ಕಳುಹಿಸಿ.